ನೆಲದಿಂದ ಏಳುವ ಶಕ್ತಿ

(ತುಮಕೂರಿನಲ್ಲಿ ನಿವೃತ್ತ ನೌಕರರ ಸಭೆಯೊಂದರಲ್ಲಿ ಫಿಸಿಯೋಥೆರಪಿಸ್ಟ್ ಒಬ್ಬರು ಆಡಿದ ಮಾತುಗಳ ಬರಹ ರೂಪ)

ಹಿರಿಯರೆಲ್ಲರಿಗೂ ನಮಸ್ಕಾರ.

ಆರೋಗ್ಯವಾಗಿ ಬಹುಕಾಲ ಬದುಕಲು ದಿನನಿತ್ಯ ಏನು ಮಾಡಬೇಕು ಎಂಬ ವಿಷಯ ಕೊಟ್ಟಿದ್ದೀರಿ. ತುಮಕೂರಿನಲ್ಲಿ ದೀರ್ಘಾಯುಷ್ಯದ ಮಾತು ಬಂದರೆ ಎಲ್ಲರ ಕಣ್ಣಮುಂದೆ ನಿಲ್ಲುವವರು ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ. 1907ರ ಏಪ್ರಿಲ್ 1ರಂದು ಹುಟ್ಟಿದವರು 2019ರ ಜನವರಿ 21ರಂದು ಲಿಂಗೈಕ್ಯರಾದರು, 111 ವರ್ಷದ ಬದುಕು. ನಿಘಂಟಿನ ಜಿ. ವೆಂಕಟಸುಬ್ಬಯ್ಯನವರು 107 ವರ್ಷ ಬದುಕಿದರು. ವಿಶ್ವೇಶ್ವರಯ್ಯನವರೂ ನೂರು ದಾಟಿದರು. ಇಂಥವರ ಹೆಸರು ಬಂದ ಕೂಡಲೇ ಅವರು ಏನು ಉಣ್ಣುತ್ತಿದ್ದರು, ಎಷ್ಟು ಹೊತ್ತಿಗೆ ಏಳುತ್ತಿದ್ದರು ಎಂದು ಕೇಳುತ್ತೇವೆ. ಕೇಳುವುದು ಸಹಜ. ಆದರೆ ಅದೇ ಊಟ ಉಂಡು, ಅದೇ ಹೊತ್ತಿಗೆ ಎದ್ದು ಅರವತ್ತಕ್ಕೇ ಹೋದವರ ದಿನಚರಿಯನ್ನು ಯಾರೂ ಬರೆದಿಡುವುದಿಲ್ಲ. ಒಬ್ಬರ ಆಯುಸ್ಸಿನಿಂದ ಎಲ್ಲರಿಗೂ ಪಾಠ ತೆಗೆಯುವುದು ಕಷ್ಟ. ಆದ್ದರಿಂದ ಶತಾಯುಷಿಗಳನ್ನು ಅವರ ಪಾಡಿಗೆ ಬಿಟ್ಟು, ನಮ್ಮ ಅಮ್ಮನ ಈಳಿಗೆಮಣೆಯಿಂದ ಮಾತು ಶುರು ಮಾಡುತ್ತೇನೆ.

ಅಮ್ಮ ಅರವತ್ತೇಳು ವರ್ಷದವರೆಗೂ ತರಕಾರಿ ಹೆಚ್ಚುತ್ತಿದ್ದುದು ಈಳಿಗೆಮಣೆಯಲ್ಲಿ. ಒಂದು ಕಾಲು ಮಣೆಯ ಮೇಲೆ, ಇನ್ನೊಂದು ಮಡಚಿ, ಹುರುಳಿಕಾಯಿಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲಗಿಗೆ ಒತ್ತುತ್ತಿದ್ದಳು. ನಡುವೆ ಹಾಲು ಉಕ್ಕುವ ಸದ್ದಾದರೆ ಎದ್ದು ಓಡುತ್ತಿದ್ದಳು, ಒಲೆ ಸಣ್ಣ ಮಾಡಿ ಮತ್ತೆ ಬಂದು ಕೂರುತ್ತಿದ್ದಳು. ಬೇಳೆ ಆರಿಸುವುದು ನೆಲದ ಮೇಲೆ, ಮೊರದಲ್ಲಿ ಅಕ್ಕಿ ಕೇರುವುದು ನೆಲದ ಮೇಲೆ, ಹೂ ಕಟ್ಟುವುದು, ಉಣ್ಣುವುದು, ಮಧ್ಯಾಹ್ನ ಚಾಪೆ ಹಾಸಿ ಅಡ್ಡಾಗುವುದು, ಎಲ್ಲವೂ ನೆಲದ ಮೇಲೆಯೇ. ಆಮೇಲೊಮ್ಮೆ ಕೂತು ಲೆಕ್ಕ ಹಾಕಿದೆ: ದಿನಕ್ಕೆ ಏನಿಲ್ಲವೆಂದರೂ ಇಪ್ಪತ್ತು ಸಲ ಅವಳು ನೆಲದಿಂದ ಎದ್ದು ನಿಲ್ಲುತ್ತಿದ್ದಳು. ಅದನ್ನು ವ್ಯಾಯಾಮ ಎಂದು ಅವಳೂ ಕರೆಯಲಿಲ್ಲ, ನಾವೂ ಕರೆಯಲಿಲ್ಲ.

ಆಗ ಮನೆ ರಿಪೇರಿ ಮಾಡಿಸಿದೆವು. ಅಡುಗೆಮನೆಗೆ ಗ್ರಾನೈಟ್ ಕಟ್ಟೆ ಬಂತು. ಊಟದ ಮೇಜು ಬಂತು, ಮಂಚ ಬಂತು, ಸೋಫಾ ಬಂತು. ಬಚ್ಚಲುಮನೆಯಲ್ಲಿ ಕಮೋಡ್ ಕೂರಿಸಿದೆವು. ಈಳಿಗೆಮಣೆಯನ್ನು ಗೋಣಿಚೀಲದಲ್ಲಿ ಸುತ್ತಿ ನಾನೇ ಅಟ್ಟಕ್ಕೆ ಏರಿಸಿದೆ. 'ಇಷ್ಟು ವರ್ಷ ಗೇಯ್ದಿದ್ದು ಸಾಕು, ಕೂತಿರಮ್ಮ' ಎಂದೆವು. ಪ್ರೀತಿಯಿಂದಲೇ ಎಂದೆವು. ಐದು ವರ್ಷ ಕಳೆದ ಮೇಲೆ ಒಂದು ರಾತ್ರಿ ಅಮ್ಮ ಬಚ್ಚಲಿನ ಹೊಸ್ತಿಲು ಎಡವಿ ಬಿದ್ದಳು. ಪ್ರಜ್ಞೆ ತಪ್ಪಿರಲಿಲ್ಲ, ಅಂದು ಮೂಳೆಯೂ ಮುರಿದಿರಲಿಲ್ಲ. ಆದರೆ ಏಳಲು ಆಗಲಿಲ್ಲ. ನಮ್ಮ ನಿದ್ದೆ ಕೆಡಿಸಬಾರದೆಂದು ಕೂಗಲೂ ಇಲ್ಲ. ಬೆಳಗಿನ ಜಾವ ನಾನು ಹೋಗಿ ನೋಡುವವರೆಗೆ ಒದ್ದೆ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ದಿನಕ್ಕೆ ಇಪ್ಪತ್ತು ಸಲ ಎದ್ದು ನಿಲ್ಲುತ್ತಿದ್ದವಳಿಗೆ ಒಂದು ಸಲ ಏಳುವ ಬಲವೂ ಉಳಿದಿರಲಿಲ್ಲ. ಊರಿನ ಮಂದಿಗೆಲ್ಲ ಕಾಲಿನ ವ್ಯಾಯಾಮ ಹೇಳಿಕೊಡುವುದೇ ನನ್ನ ಕೆಲಸ. ಆ ಬೆಳಿಗ್ಗೆಯನ್ನು ನಾನು ಇವತ್ತಿಗೂ ಮರೆತಿಲ್ಲ.

ನಾನು ಇಂದು ಹೇಳಲು ಬಂದಿರುವುದು ಇಷ್ಟೇ: ಕೈ ಊರದೆ ಎದ್ದು ನಿಲ್ಲುವ ಶಕ್ತಿಯನ್ನು ಕಳೆದುಕೊಳ್ಳಬೇಡಿ. ಉಳಿದ ಅಭ್ಯಾಸಗಳೆಲ್ಲ ಅದರ ಸುತ್ತ ಬರುತ್ತವೆ.

ಬ್ರೆಜಿಲ್ ದೇಶದಲ್ಲಿ ಕ್ಲಾಡಿಯೊ ಅರೌಜೊ ಎಂಬ ವೈದ್ಯರು ಇದನ್ನೇ ಅಳೆದು ನೋಡಿದರು. 51ರಿಂದ 80 ವರ್ಷದ ಸುಮಾರು 2,000 ಜನರಿಗೆ ಬರಿಗಾಲಲ್ಲಿ ನೆಲದ ಮೇಲೆ ಕೂತು ಏಳಲು ಹೇಳಿದರು. ಕೂರುವುದಕ್ಕೆ 5 ಅಂಕ, ಏಳುವುದಕ್ಕೆ 5 ಅಂಕ. ಕೈ ಊರಿದರೆ ಒಂದು ಅಂಕ ಹೋಯಿತು, ಮಂಡಿ ಊರಿದರೆ ಇನ್ನೊಂದು, ತೂರಾಡಿದರೆ ಅರ್ಧ. ಆಮೇಲೆ ಸುಮಾರು ಆರು ವರ್ಷ ಆ ಜನರ ಮೇಲೆ ಕಣ್ಣಿಟ್ಟಿದ್ದರು. 8ಕ್ಕಿಂತ ಕಡಿಮೆ ಅಂಕ ಬಂದವರಲ್ಲಿ ಸಾವು ಹೆಚ್ಚಿತ್ತು. 3 ಅಥವಾ ಅದಕ್ಕೂ ಕಡಿಮೆ ಬಂದವರಲ್ಲಿ, ಒಳ್ಳೆಯ ಅಂಕ ಬಂದವರಿಗೆ ಹೋಲಿಸಿದರೆ, ಐದು ಪಟ್ಟಿಗೂ ಹೆಚ್ಚು. 2012ರಲ್ಲಿ ಇದು ಪ್ರಕಟವಾಯಿತು. ಕೂತು ಎದ್ದ ಮಾತ್ರಕ್ಕೆ ಯಮ ಹಿಂದಿರುಗಿ ಹೋಗುತ್ತಾನೆ ಎಂದು ಇದರ ಅರ್ಥ ಮಾಡಿಕೊಳ್ಳಬಾರದು. ಒಳಗೊಳಗೇ ಕಾಯಿಲೆ ಇದ್ದವರು ಏಳಲು ತಿಣುಕುತ್ತಾರೆ, ಅದೂ ಸೇರಿಕೊಂಡಿದೆ. ಆದರೆ ತೊಡೆಯ ಬಲ, ಸೊಂಟದ ಬಾಗು, ಮೈಯ ಸಮತೋಲ, ತೂಕ, ಈ ನಾಲ್ಕರ ಸ್ಥಿತಿಯನ್ನೂ ಒಂದೇ ಏಟಿಗೆ ಹೇಳುವ ಇಷ್ಟು ಅಗ್ಗದ ಪರೀಕ್ಷೆ ಇನ್ನೊಂದಿಲ್ಲ. ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದ ನಮ್ಮ ಹಿರಿಯರು ಈ ಪರೀಕ್ಷೆಯನ್ನು ದಿನಕ್ಕೆ ಎರಡು ಸಲ ಪಾಸು ಮಾಡಿ ಕೈತೊಳೆಯಲು ಹೋಗುತ್ತಿದ್ದರು.

ಮೈ ಬಗ್ಗಿಸುವ ಕೆಲಸಕ್ಕೂ ಆಯುಸ್ಸಿಗೂ ನಂಟಿದೆ ಎಂಬುದು ಮೊದಲು ಗಟ್ಟಿಯಾಗಿ ಕಂಡದ್ದು ಬಸ್ಸಿನಲ್ಲಿ. ಸಾರಿಗೆ ಇಲಾಖೆಯಿಂದ ನಿವೃತ್ತರಾದವರು ಇಲ್ಲಿ ಇದ್ದೀರಿ, ಬೆಂಗಳೂರಿನ ಹಳೆಯ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ ಓಡಾಡಿದವರೂ ಇರಬಹುದು, ನಿಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ ಲಂಡನ್ನಿನಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯ ವಿಜ್ಞಾನಿ ಹೃದಯಾಘಾತ ಯಾರಿಗೆ ಹೆಚ್ಚು ಎಂದು ಹುಡುಕುತ್ತಿದ್ದರು. ಡಬಲ್ ಡೆಕ್ಕರಿನ ಚಾಲಕ ಪಾಳಿಯ ಹತ್ತರಲ್ಲಿ ಒಂಬತ್ತು ಪಾಲು ಹೊತ್ತು ಕೂತೇ ಇರುತ್ತಾನೆ. ನಿರ್ವಾಹಕ ಟಿಕೆಟ್ ಹರಿಯುತ್ತಾ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಾನೆ. ಇಬ್ಬರದೂ ಒಂದೇ ಬಸ್ಸು, ಒಂದೇ ಊರು, ಹೆಚ್ಚುಕಡಿಮೆ ಒಂದೇ ಬಗೆಯ ಮನೆತನ. ಆದರೂ ನಿರ್ವಾಹಕರಲ್ಲಿ ಹೃದ್ರೋಗ ಗಣನೀಯವಾಗಿ ಕಡಿಮೆ, ಬಂದರೂ ಅದರಿಂದ ಥಟ್ಟನೆ ಸಾಯುವವರು ಇನ್ನೂ ಕಡಿಮೆ. ಅಂಚೆ ಇಲಾಖೆಯಲ್ಲೂ ಹಾಗೆಯೇ: ಕಾಗದ ಹಂಚುವ ಅಂಚೆಯಣ್ಣನಿಗಿಂತ ಮೇಜಿನ ಮುಂದೆ ಕೂತ ಗುಮಾಸ್ತರಿಗೆ ಹೆಚ್ಚು. 1953ರಲ್ಲಿ ಇದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಮಾರಿಸ್ ಅಲ್ಲಿಗೇ ನಿಲ್ಲಲಿಲ್ಲ. ಸಮವಸ್ತ್ರದ ಅಳತೆಗಳನ್ನು ತೆಗೆಸಿ ನೋಡಿದರು, ಚಾಲಕರ ಸೊಂಟದ ಸುತ್ತಳತೆ ಕೆಲಸಕ್ಕೆ ಸೇರುವಾಗಲೇ ಹೆಚ್ಚಿತ್ತು ಎಂದು ತಾವೇ ಮುಂದೆ ಬರೆದರು. ತನ್ನ ಮಾತಿನ ಇನ್ನೊಂದು ಬದಿಯನ್ನು ತಾನೇ ತೋರಿಸುವ ಇಂಥವರ ಮೇಲೆ ನನಗೆ ಭರವಸೆ ಹೆಚ್ಚು. ಆಮೇಲೆ ಬಂದ ನೂರಾರು ಅಧ್ಯಯನಗಳು ಮೆಟ್ಟಿಲಿನ ಪರವಾಗಿಯೇ ನಿಂತವು. ಮಾರಿಸ್ 2009ರಲ್ಲಿ ತೀರಿಕೊಂಡಾಗ ಅವರಿಗೆ 99 ವರ್ಷ.

ಅಮಾನಿಕೆರೆಯ ದಂಡೆಯಲ್ಲಿ ಬೆಳಿಗ್ಗೆ ಮೊಬೈಲ್ ನೋಡಿಕೊಂಡೇ ನಡೆಯುವವರು ಹಲವರಿದ್ದಾರೆ. ಹತ್ತು ಸಾವಿರ ಹೆಜ್ಜೆ ಮುಟ್ಟದಿದ್ದರೆ ಮುಖ ಬಾಡುತ್ತದೆ. ಆ ಹತ್ತು ಸಾವಿರ ಯಾವ ವೈದ್ಯನೂ ಬರೆದುಕೊಟ್ಟ ಚೀಟಿಯಲ್ಲಿ ಹುಟ್ಟಿದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದಕ್ಕೆ 'ಹತ್ತು ಸಾವಿರ ಹೆಜ್ಜೆಯ ಮೀಟರು' ಎಂಬ ಅರ್ಥದ ಹೆಸರಿಟ್ಟಿದ್ದರು, ಆ ಹೆಸರೇ ಜಗತ್ತಿಗೆಲ್ಲ ಗುರಿಯಾಯಿತು. 2019ರಲ್ಲಿ ಅಮೆರಿಕದ ವಯಸ್ಸಾದ ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ ದಿನಕ್ಕೆ 4,400 ಹೆಜ್ಜೆ ನಡೆದವರೇ 2,700 ಹೆಜ್ಜೆಯವರಿಗಿಂತ ಎಷ್ಟೋ ಮೇಲಿದ್ದರು. 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಆದ್ದರಿಂದ ಲೆಕ್ಕ ತಪ್ಪಿತೆಂದು ಕೊರಗಬೇಡಿ, ಹಾಗೆಂದು ನಡಿಗೆಯೊಂದನ್ನೇ ನಂಬಿ ಕೂರಲೂ ಬೇಡಿ. ಸಮತಟ್ಟಾದ ದಾರಿಯಲ್ಲಿ ನಡೆದರೆ ಎದೆಗೆ ಒಳ್ಳೆಯದು, ತೊಡೆಗೆ ಅಷ್ಟು ಕೆಲಸ ಸಿಗುವುದಿಲ್ಲ. ದಿನಾ ಐದು ಕಿಲೋಮೀಟರ್ ನಡೆಯುವ ಮೇಷ್ಟ್ರೊಬ್ಬರು ತಗ್ಗಿನ ಸೋಫಾದಿಂದ ಏಳಲು ಮಗನ ಕೈ ಹಿಡಿಯುವುದನ್ನು ನಾನು ಕಂಡಿದ್ದೇನೆ. ವಾರಕ್ಕೆರಡು ದಿನವಾದರೂ ಮೆಟ್ಟಿಲು ಹತ್ತಿ. ಸಿದ್ಧಗಂಗೆಯ ಬೆಟ್ಟ ಹತ್ತಿರದಲ್ಲೇ ಇದೆ. ಎದೆನೋವು, ಏದುಸಿರು ಇರುವವರು ಮೊದಲು ವೈದ್ಯರಿಗೆ ತೋರಿಸಿ.

ಮೂವತ್ತು ದಾಟಿದ ಮೇಲೆ ಸ್ನಾಯು ನಿಧಾನವಾಗಿ ಕರಗುತ್ತದೆ, ಅರವತ್ತರ ನಂತರ ಬೇಗ ಬೇಗ. ಹಾಸಿಗೆ ಹಿಡಿದರೆ ಇನ್ನೂ ಬೇಗ. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಾಗಿದ್ದ 12 ವೃದ್ಧರನ್ನು ಹತ್ತು ದಿನ ಹಾಸಿಗೆಯಲ್ಲಿ ಇರಿಸಿದರು. ಹತ್ತೇ ದಿನದಲ್ಲಿ ಕಾಲುಗಳಿಂದ ಸುಮಾರು ಒಂದು ಕಿಲೋ ಸ್ನಾಯು ಇಳಿದಿತ್ತು. ನಮ್ಮಲ್ಲಿ ಜ್ವರ ಬಂದು ಬಿಟ್ಟ ಅಜ್ಜಿಯನ್ನು ತಿಂಗಳುಗಟ್ಟಲೆ ಮಲಗಿಸಿ ತಟ್ಟೆಯನ್ನು ಹಾಸಿಗೆಗೇ ತಂದುಕೊಡುತ್ತೇವೆ. ಸೇವೆ ಎಂದುಕೊಂಡು ಕಾಲು ಕಿತ್ತುಕೊಳ್ಳುತ್ತಿದ್ದೇವೆ.

ಕಳೆದುಕೊಂಡದ್ದು ವಾಪಸು ಬರುತ್ತದೆಯೇ? ಬರುತ್ತದೆ. ಇದನ್ನು ನಾನು ಬೇಕಾದರೆ ಈ ಸಭಾಂಗಣದ ಮಾಳಿಗೆ ಹತ್ತಿ ಕೂಗಿ ಹೇಳುತ್ತೇನೆ. ಬಾಸ್ಟನ್ ನಗರದ ವೃದ್ಧಾಶ್ರಮವೊಂದರಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ತೊಡೆಯಿಂದ ಭಾರ ಎತ್ತುವ ತರಬೇತಿ ಕೊಟ್ಟರು. ಕೋಲು ಹಿಡಿದು ನಡೆಯುತ್ತಿದ್ದ ದುರ್ಬಲರು. ಅಭ್ಯಾಸ ಮುಗಿಸಿದವರ ಕಾಲಿನ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತ್ತು. 1990ರಲ್ಲಿ ಬಂದ ಈ ವರದಿ ನನ್ನ ಕಸುಬನ್ನೇ ಬದಲಿಸಿತು. ಅಮ್ಮನಿಗೂ ಅದನ್ನೇ ಮಾಡಿಸಿದೆ, ಯಂತ್ರವಿಲ್ಲದೆ. ಊಟದ ಮೇಜಿನ ಕುರ್ಚಿಯ ಮೇಲೆ ಎರಡು ದಿಂಬು ಹಾಕಿ ಎತ್ತರ ಮಾಡಿದೆ. ಎದೆಗೆ ಕೈಕಟ್ಟಿ ಎದ್ದು ನಿಲ್ಲುವುದು, ನಿಧಾನವಾಗಿ ಕೂರುವುದು. ಮೊದಲ ದಿನ ನಾಲ್ಕು ಸಲ. ಹದಿನೈದು ದಿನಕ್ಕೆ ಒಂದು ದಿಂಬು ತೆಗೆದೆ. 'ನೀನು ಮಾಸ್ತರಿಕೆ ಮಾಡೋಕೆ ನಾನೇ ಸಿಕ್ಕಿದ್ದಾ' ಎಂದು ಅವಳು ಬೈದಳು, ಆದರೂ ಎಣಿಸಿದಳು. ದೇವರ ನಾಮ ಹೇಳಿಕೊಂಡು ಎಣಿಸಿದಳು. ಐದು ತಿಂಗಳಿಗೆ ಒಂದಡಿ ಎತ್ತರದ ಮಣೆಯ ಮೇಲಿಂದ ಕೈ ಊರದೆ ಎದ್ದಳು. ಅಂದು ಅವಳೇ ಬಾಳೆಹಣ್ಣಿನ ರಸಾಯನ ಮಾಡಿದ್ದಳು.

ಸ್ನಾಯುವಿಗೆ ಊಟ ಬೇಕು. ವಯಸ್ಸಾದಂತೆ ನಮ್ಮ ತಟ್ಟೆಯಿಂದ ಮೊದಲು ಮಾಯವಾಗುವುದು ಕಾಳು. ಹಲ್ಲಿಗೆ ಆಗುವುದಿಲ್ಲ, ವಾಯು ಆಗುತ್ತದೆ, ಒಬ್ಬರಿಗಾಗಿ ಯಾರು ಬೇಯಿಸುತ್ತಾರೆ ಎಂದು ತಿಳಿಸಾರು ಅನ್ನ, ಮಜ್ಜಿಗೆ ಅನ್ನ, ಕಾಫಿಗೆ ಎರಡು ಬಿಸ್ಕತ್ತು. ಗಂಡ ತೀರಿಕೊಂಡ ಮೇಲೆ ಎಷ್ಟೋ ಹೆಂಗಸರ ಊಟ ಇಷ್ಟಕ್ಕೇ ಇಳಿಯುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಲೆಕ್ಕದಲ್ಲಿ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ಐವತ್ತು ಕಿಲೋ ತೂಗುವವರಿಗೆ ನಲವತ್ತು ಗ್ರಾಮಿಗಿಂತ ಸ್ವಲ್ಪ ಹೆಚ್ಚು. ಒಂದು ಮೊಟ್ಟೆಯಲ್ಲಿ 6 ಗ್ರಾಂ ಇರುತ್ತದೆ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಹುರುಳಿ ಬಸ್ಸಾರು, ಅವರೆಕಾಳಿನ ಹುಳಿ, ಮೊಳಕೆಕಾಳಿನ ಸಾರು ಮಾಡಿದ ದಿನ ನೀರಷ್ಟನ್ನೇ ಬಗ್ಗಿಸಿಕೊಳ್ಳದೆ ಸೌಟನ್ನು ತಳದವರೆಗೆ ಇಳಿಸಿ. ಮುದ್ದೆ ಒಳ್ಳೆಯದು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಅಕ್ಕಿ ಹತ್ತಿರವೂ ಸುಳಿಯುವುದಿಲ್ಲ. ಆದರೆ ರಾಗಿಯೂ ಪಿಷ್ಟವೇ. ಸಕ್ಕರೆ ಕಾಯಿಲೆಯವರು ಮುದ್ದೆಗೆ ಮಿತಿಯಿಲ್ಲ ಎಂದುಕೊಂಡಿದ್ದರೆ ಅದು ತಪ್ಪು ತಿಳಿವಳಿಕೆ.

ಇನ್ನು ಉಪ್ಪಿನ ಮಾತು. ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಗಟ್ಟಿಯಾಗುತ್ತದೆ, ಕ್ಷಮಿಸಿ. ನನ್ನಲ್ಲಿಗೆ ಬರುವವರಲ್ಲಿ ಲಕ್ವ ಹೊಡೆದವರೇ ಬಹಳ. ಬಾಯಿ ಸೊಟ್ಟಗಾಗಿ, ಒಂದು ಕೈ ಜೋತುಬಿದ್ದು, ಮಗನ ಹೆಗಲ ಮೇಲೆ ಬರುತ್ತಾರೆ. ಬಿಪಿ ಇತ್ತೇ ಎಂದು ಕೇಳಿದರೆ ಹೆಚ್ಚಿನವರ ಉತ್ತರ ಒಂದೇ: 'ಇತ್ತು, ಮಾತ್ರೆ ತಗೊಂಡೆ, ಸರಿಹೋಯಿತು, ಬಿಟ್ಟೆ.' ಸರಿಹೋದದ್ದು ಮಾತ್ರೆಯಿಂದ! ಕೊಡೆ ಹಿಡಿದದ್ದಕ್ಕೆ ಮೈ ಒಣಗಿದೆ, ಮೈ ಒಣಗಿದೆಯೆಂದು ಸುರಿಯುವ ಮಳೆಯಲ್ಲಿ ಕೊಡೆ ಮಡಚುತ್ತಾರೆಯೇ? ಕಳೆದ ವರ್ಷ ಬಂದ ಒಬ್ಬರು ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು ತೋರಿಸಿದರು. ಹತ್ತರಲ್ಲಿ ಏಳು ಹಾಗೆಯೇ ಇದ್ದವು. ಉಳಿದರೆ ಮುಂದಿನ ತಿಂಗಳಿಗಾಗುತ್ತದೆ ಎಂದು ಎತ್ತಿಟ್ಟಿದ್ದರಂತೆ. ಅವರ ಬಲಗೈ ಬೆರಳುಗಳು ಇನ್ನೂ ಅಂಗಿಯ ಗುಂಡಿ ಹಾಕುವಷ್ಟು ತೆರೆದಿಲ್ಲ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿಪಿ ಮಾತ್ರೆ ಉಚಿತವಾಗಿ ಕೊಡುತ್ತಾರೆ, ನಾಚಿಕೆಯಿಲ್ಲದೆ ಹೋಗಿ ತನ್ನಿ.

2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ ನಮ್ಮ ವಯಸ್ಕರಲ್ಲಿ ಶೇ 35.5ರಷ್ಟು ಜನರಿಗೆ ಅಧಿಕ ರಕ್ತದೊತ್ತಡ, ಶೇ 11.4ರಷ್ಟು ಜನರಿಗೆ ಸಕ್ಕರೆ ಕಾಯಿಲೆ. ಬಿಪಿಗೆ ನೋವಿಲ್ಲ, ಸದ್ದಿಲ್ಲ. ಅಳೆಸಿದರೆ ಮಾತ್ರ ಗೊತ್ತಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಉಪ್ಪಿನ ಮಿತಿ ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಮಟ್ಟಸವಾದ ಒಂದು ಚಹಾ ಚಮಚ. ನಾವು ತಿನ್ನುತ್ತಿರುವುದು ಅದರ ದುಪ್ಪಟ್ಟಿನ ಹತ್ತಿರ. ಸಾರಿನ ಉಪ್ಪು ಒಂದೇ ಸಲ ಇಳಿಸಿದರೆ ಮನೆಯವರು ತಟ್ಟೆ ದೂಡುತ್ತಾರೆ, ಸ್ವಲ್ಪ ಸ್ವಲ್ಪವೇ ಇಳಿಸಿ. ನಿಂಬೆಹುಳಿ, ಕೊತ್ತಂಬರಿ, ಮೆಣಸು ಮುಂದೆ ಬರಲಿ. ಮೊದಲು ದೂರ ಇಡಬೇಕಾದದ್ದು ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಉಪ್ಪಿನಕಾಯಿ ಜಾಡಿ. ಬೆರಳಲ್ಲಿ ನೆಕ್ಕುವಷ್ಟು ಉಪ್ಪಿನಕಾಯಿ ಬೇರೆ, ಅನ್ನಕ್ಕೆ ಕಲಸುವಷ್ಟು ಬೇರೆ.

ಹೊಗೆಸೊಪ್ಪಿನ ಬಗ್ಗೆ ನಿಮಗೆ ಗೊತ್ತಿಲ್ಲದ್ದೇನೂ ಇಲ್ಲ. ಆದರೂ 'ಇಷ್ಟು ವರ್ಷ ಸೇದಿದ್ದಾಯಿತು, ಈಗ ಬಿಟ್ಟರೇನು ಬಂತು' ಎನ್ನುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಬ್ರಿಟನ್ನಿನಲ್ಲಿ 1951ರಿಂದ ಐವತ್ತು ವರ್ಷ ವೈದ್ಯರ ಮೇಲೆಯೇ ಒಂದು ಅಧ್ಯಯನ ನಡೆಯಿತು. ರಿಚರ್ಡ್ ಡಾಲ್ ಮತ್ತು ಜೊತೆಗಾರರು ನಡೆಸಿದ್ದು. ಸೇದುತ್ತಲೇ ಉಳಿದವರು ಸರಾಸರಿ ಹತ್ತು ವರ್ಷ ಮೊದಲೇ ತೀರಿಕೊಂಡರು. ಅರವತ್ತಕ್ಕೆ ಬಿಟ್ಟವರಿಗೂ ಮೂರು ವರ್ಷ ಉಳಿಯಿತು, ಐವತ್ತಕ್ಕೆ ಬಿಟ್ಟವರಿಗೆ ಆರು. ಮೂರು ವರ್ಷವೆಂದರೆ ಮೊಮ್ಮಗಳ ಮೂರು ಹುಟ್ಟುಹಬ್ಬ. ಇನ್ನು ಅಡಿಕೆ. ಗುಬ್ಬಿ, ಚಿಕ್ಕನಾಯಕನಹಳ್ಳಿ ಕಡೆಯ ತೋಟದವರು ಇಲ್ಲಿ ಇದ್ದೀರಿ. ನನಗೆ ಅಡಿಕೆಯ ಮೇಲೆ ದ್ವೇಷವಿಲ್ಲ, ನನ್ನನ್ನು ಓದಿಸಿದ್ದೂ ಅಡಿಕೆಯೇ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ, ಹೊಗೆಸೊಪ್ಪು ಬೆರೆಸದ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಹಬ್ಬದ ತಾಂಬೂಲಕ್ಕೂ ದಿನವಿಡೀ ದವಡೆಯಲ್ಲಿ ಒತ್ತಿಟ್ಟುಕೊಳ್ಳುವ ಪೊಟ್ಟಣಕ್ಕೂ ಬಹಳ ಅಂತರವಿದೆ. ಬಾಯಿಯಲ್ಲಿ ಬಿಳಿ ಮಚ್ಚೆ ಕಂಡರೆ, ಮೂರು ಬೆರಳು ಹಿಡಿಸುವಷ್ಟು ಬಾಯಿ ತೆರೆಯದಿದ್ದರೆ ತಡಮಾಡದೆ ತೋರಿಸಿ.

ನಿದ್ದೆ ಏಳು ಗಂಟೆ ಬೇಕು, ರಾತ್ರಿ ಮೊಬೈಲ್ ಬೇಡ. ಜೊತೆಗಾರರೂ ಬೇಕು. ನಾಲ್ಕು ಜನ ಸೇರಿ ಕಾಫಿ ಕುಡಿಯುವ ಈ ನಿಮ್ಮ ಸಂಘವೇ ಒಂದು ಔಷಧ, ಬಿಡಬೇಡಿ.

ಈಗ ಕುರ್ಚಿಯಿಂದ ಸ್ವಲ್ಪ ಮುಂದೆ ಸರಿದು ಕೂರಿ. ಕುರ್ಚಿಯ ಬೆನ್ನು ಗೋಡೆಗೆ ತಾಗಿರಲಿ. ಪಾದ ನೆಲದ ಮೇಲೆ, ಕೈ ಎದೆಗೆ. ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಎಂದು ಪಕ್ಕದವರು ಎಣಿಸಲಿ. ಅಮೆರಿಕದಲ್ಲಿ ಬಳಸುವ ಅಳತೆಯಂತೆ 60ರಿಂದ 64ರ ಗಂಡಸರಿಗೆ 14ಕ್ಕಿಂತ ಕಡಿಮೆ, ಹೆಂಗಸರಿಗೆ 12ಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯ ಹೆಚ್ಚು. 70ರಿಂದ 74ರವರಿಗೆ ಆ ಗಡಿ 12 ಮತ್ತು 10. ತಲೆಸುತ್ತುವವರು, ಕೀಲು ಬದಲಿಸಿಕೊಂಡವರು ಸುಮ್ಮನೆ ಎಣಿಸುವ ಕೆಲಸ ಮಾಡಿ.

(ಪರೀಕ್ಷೆ ಮುಗಿದ ಮೇಲೆ, ಎರಡನೆಯ ಸಾಲಿನಲ್ಲಿದ್ದ ನಿವೃತ್ತ ಶಿಕ್ಷಕಿಯೊಬ್ಬರು ಕೇಳಿದರು: 'ನನಗೆ ಏಳೇ ಬಂತು. ಎರಡೂ ಮಂಡಿ ಸವೆದಿದೆ, ನೆಲಕ್ಕೆ ಕೂರಲೇಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ನಾನೇನು ಮಾಡಲಿ?')

ಅವರು ಹೇಳಿದ್ದು ಸರಿ, ಅಮ್ಮ. ನೆಲಕ್ಕೆ ಕೂರಬೇಡಿ. ಗಂಟೆಗಟ್ಟಲೆ ಕುಕ್ಕರುಗಾಲಿನಲ್ಲಿ ಕೂರುವುದು ಒಳ್ಳೆಯ ಮಂಡಿಗೂ ಒಳ್ಳೆಯದಲ್ಲ. ಆದರೆ ಮಂಡಿ ಸವೆದವರಿಗೆ ಮೊದಲ ಔಷಧವೇ ತೊಡೆಯ ಬಲ. ಇವತ್ತು ಮನೆಗೆ ಹೋಗಿ ಎತ್ತರದ ಕುರ್ಚಿಯೊಂದನ್ನು ಅಡುಗೆಮನೆಯ ಕಟ್ಟೆಯ ಮುಂದೆ ಇಡಿ, ಮೇಲೊಂದು ಗಟ್ಟಿ ದಿಂಬು ಹಾಕಿ. ಬೆರಳ ತುದಿ ಕಟ್ಟೆಯ ಮೇಲಿರಲಿ, ಭಾರ ಹಾಕಬೇಡಿ. ಬೆಳಿಗ್ಗೆ ಹಾಲು ಕಾಯುವಷ್ಟು ಹೊತ್ತಿನಲ್ಲಿ ಐದು ಸಲ, ಸಂಜೆ ಐದು ಸಲ. ಸ್ವಲ್ಪ ನೋವಾಗುತ್ತದೆ, ಹೆದರಬೇಡಿ. ಮಾರನೆಯ ದಿನಕ್ಕೂ ನೋವು ಉಳಿದರೆ ಇನ್ನೊಂದು ದಿಂಬು ಸೇರಿಸಿ ಎತ್ತರ ಮಾಡಿಕೊಳ್ಳಿ. ಮುಂದಿನ ತಿಂಗಳ ಸಭೆಗೆ ನಾನು ಬರುತ್ತೇನೆ, ನಿಮ್ಮದನ್ನು ನಾನೇ ಎಣಿಸುತ್ತೇನೆ.